ಕರುಳಿನ ಎನ್‌ಕೆ ಕೋಶಗಳು: ಆರೋಗ್ಯ, ರೋಗ ಮತ್ತು ಯಾದಗಿರಿ ಸೀಮೆ

ಸಹಜ ಹಂತಕ ಕೋಶಗಳು ರಕ್ತದ ಬಿಳಿಕಣಗಳಲ್ಲಿ ಲಿಂಫೋಸೈಟ್ ಗುಂಪಿಗೆ ಸೇರಿದವು. ವೈದ್ಯರ ಬಾಯಲ್ಲಿ ಇವು ನ್ಯಾಚುರಲ್ ಕಿಲ್ಲರ್ ಅಥವಾ ಎನ್‌ಕೆ ಕೋಶಗಳು. ರಕ್ತದ ಲಿಂಫೋಸೈಟ್‌ಗಳಲ್ಲಿ ಇವುಗಳ ಪಾಲು ಸುಮಾರು ಶೇ. 5ರಿಂದ 15. ವೈರಸ್ ಹೊಕ್ಕ ಕೋಶವನ್ನೂ ಕ್ಯಾನ್ಸರಿನ ಹಾದಿ ಹಿಡಿದ ಕೋಶವನ್ನೂ ಗುರುತಿಸಿ ಕೊಲ್ಲುವುದು ಇವುಗಳಿಗೆ ಹುಟ್ಟಿನಿಂದ ಬಂದ ಕಸುಬು. ಲಿಂಫೋಸೈಟ್‌ಗಳ ಇನ್ನೊಂದು ಬಗೆಯಾದ ಟಿ ಕೋಶಗಳಿಗೆ ಒಂದೊಂದು ರೋಗಾಣುವಿನ ಪರಿಚಯವೂ ಮೊದಲೇ ಆಗಿರಬೇಕು, ಪಡೆ ಬೆಳೆಯಲು ದಿನಗಳು ಬೇಕು. ಎನ್‌ಕೆ ಕೋಶಗಳು ಸೋಂಕು ತಗುಲಿದ ಕೆಲವೇ ಗಂಟೆಗಳಲ್ಲಿ ಕೆಲಸಕ್ಕೆ ಇಳಿಯುತ್ತವೆ.

ಇವುಗಳ ಬಗ್ಗೆ ತಿಳಿದಿರುವುದರಲ್ಲಿ ದೊಡ್ಡ ಪಾಲು ರಕ್ತದಿಂದ ತೆಗೆದ ಕೋಶಗಳನ್ನು ನೋಡಿ ಕಲಿತದ್ದು. ಕರುಳಿನಲ್ಲಿ ನೆಲೆ ನಿಂತ ಎನ್‌ಕೆ ಕೋಶಗಳ ನಡವಳಿಕೆ ಅದಕ್ಕಿಂತ ಬೇರೆ. ಅಲ್ಲಿ ಇವು ಸೋಂಕನ್ನು ತಡೆಯುವುದೂ ಉಂಟು, ಉರಿಯೂತವನ್ನು ಕೆರಳಿಸಿ ಕರುಳನ್ನೇ ಕೆಡಿಸುವುದೂ ಉಂಟು. ಎರಡರಲ್ಲಿ ಯಾವುದು ನಡೆಯುತ್ತದೆ ಎನ್ನುವುದು ಕೋಶದ ಗುಣಕ್ಕಿಂತ ಹೆಚ್ಚಾಗಿ ಅದು ನಿಂತಿರುವ ಕರುಳಗೋಡೆಯ ಸ್ಥಿತಿಯನ್ನು ಅವಲಂಬಿಸಿದೆ. ಆ ಸ್ಥಿತಿಯನ್ನು ರೂಪಿಸುವುದು ಕುಡಿಯುವ ನೀರು, ಉಣ್ಣುವ ಅನ್ನ, ಊರಿನ ಶೌಚ ವ್ಯವಸ್ಥೆ, ಎಳವೆಯಲ್ಲಿ ಬಂದುಹೋದ ಸೋಂಕುಗಳು. ಹಾಗಾಗಿ ಯಾದಗಿರಿ, ಶಹಾಪುರ, ಸುರಪುರದಂಥ ಸೀಮೆಯ ಹೊಟ್ಟೆಯ ಆರೋಗ್ಯವನ್ನು ಬದಿಗಿಟ್ಟು ಈ ಕೋಶಗಳನ್ನು ಪ್ರಯೋಗಾಲಯದ ಕುತೂಹಲವಾಗಿ ಮಾತ್ರ ನೋಡಿದರೆ ಚಿತ್ರ ಅರ್ಧಕ್ಕೇ ನಿಲ್ಲುತ್ತದೆ.

ಕೊಲ್ಲುವ ಬಗೆ, ಬಿಡುವ ಬಗೆ

ಎನ್‌ಕೆ ಕೋಶಗಳು ಬೆಳಕಿಗೆ ಬಂದದ್ದು 1975ರಲ್ಲಿ. ಸ್ವೀಡನ್ನಿನ ಕ್ಯಾರೊಲಿನ್ಸ್ಕಾ ಸಂಸ್ಥೆಯಲ್ಲಿ ರೋಲ್ಫ್ ಕೀಸ್ಲಿಂಗ್, ಇವಾ ಕ್ಲೈನ್, ಹಾನ್ಸ್ ವಿಗ್ಸೆಲ್ ಅವರೂ ಅಮೆರಿಕದಲ್ಲಿ ರೊನಾಲ್ಡ್ ಹರ್ಬರ್ಮನ್ ಅವರ ತಂಡವೂ ಇಲಿಗಳ ಮೇಲೆ ಕೆಲಸ ಮಾಡುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಯಾವ ತರಬೇತಿಯೂ ಇಲ್ಲದ ಲಿಂಫೋಸೈಟ್‌ಗಳು ಗೆಡ್ಡೆಯ ಕೋಶಗಳನ್ನು ಕೊಲ್ಲುತ್ತಿದ್ದವು. ಅವು ತಮ್ಮವರನ್ನು ಬಿಟ್ಟು ರೋಗಗ್ರಸ್ತ ಕೋಶವನ್ನೇ ಹೇಗೆ ಆರಿಸುತ್ತವೆ ಎಂಬುದಕ್ಕೆ ಉತ್ತರ ಸಿಕ್ಕಿದ್ದು 1986ರ ಹೊತ್ತಿಗೆ, ಕ್ಲಾಸ್ ಕ್ಯಾರೆ ಅವರ ಕೆಲಸದಿಂದ. ದೇಹದ ಬಹುತೇಕ ಪ್ರತಿಯೊಂದು ಕೋಶವೂ ತನ್ನ ಮೈಮೇಲೆ ಎಚ್‌ಎಲ್‌ಎ ಎಂಬ ಪ್ರೋಟೀನನ್ನು ತೋರಿಸಿಕೊಂಡಿರುತ್ತದೆ. ನ್ಯಾಯಬೆಲೆ ಅಂಗಡಿಯಲ್ಲಿ ರೇಷನ್ ಕಾರ್ಡ್ ತೋರಿಸಿದವರಿಗೆ ತಕರಾರಿಲ್ಲದಂತೆ, ಈ ಗುರುತು ಕಂಡ ಎನ್‌ಕೆ ಕೋಶ ಸುಮ್ಮನೆ ಮುಂದೆ ಸಾಗುತ್ತದೆ. ಟಿ ಕೋಶಗಳ ಕಣ್ಣು ತಪ್ಪಿಸಲು ಹಲವು ವೈರಸ್‌ಗಳೂ ಗೆಡ್ಡೆಗಳೂ ಈ ಗುರುತನ್ನೇ ಅಳಿಸಿಹಾಕುತ್ತವೆ. ಗುರುತಿಲ್ಲದ ಕೋಶ ಎನ್‌ಕೆ ಕೋಶದ ಕೈಗೆ ಸಿಕ್ಕಿಬೀಳುತ್ತದೆ.

ಗುರುತು ಇಲ್ಲದಿರುವುದೊಂದೇ ಸಾಲದು. ಕೆರಳಿಸುವ ಸಂಕೇತವೂ ಇರಬೇಕು. ಸೋಂಕಿನಿಂದಲೋ ಡಿಎನ್‌ಎ ಹಾನಿಯಿಂದಲೋ ಒತ್ತಡಕ್ಕೆ ಸಿಕ್ಕ ಕೋಶ ಎಮ್‌ಐಸಿಎ, ಎಮ್‌ಐಸಿಬಿ ಎಂಬ ಪ್ರೋಟೀನುಗಳನ್ನು ತನ್ನ ಮೈಮೇಲೆ ತೋರಿಸುತ್ತದೆ. ಎನ್‌ಕೆ ಕೋಶದ ಎನ್‌ಕೆಜಿ2ಡಿ ಎಂಬ ಗ್ರಾಹಕ ಅದನ್ನು ಹಿಡಿಯುತ್ತದೆ. ತಡೆಯುವ ಸಂಕೇತ, ಕೆರಳಿಸುವ ಸಂಕೇತ ಎರಡನ್ನೂ ತೂಗಿದ ಮೇಲೆ ತೀರ್ಮಾನ. ಕೊಲ್ಲುವುದೆಂದು ಆದರೆ ಎನ್‌ಕೆ ಕೋಶ ಗುರಿಗೆ ಅಂಟಿಕೊಂಡು ಪರ್ಫೋರಿನ್ ಎಂಬ ಪ್ರೋಟೀನಿನಿಂದ ಅದರ ಪೊರೆಗೆ ತೂತು ಕೊರೆಯುತ್ತದೆ. ಆ ತೂತಿನ ಮೂಲಕ ಗ್ರಾಂಜೈಮ್ ಎಂಬ ಕಿಣ್ವಗಳು ಒಳಹೋಗಿ ಕೋಶ ತನ್ನನ್ನು ತಾನೇ ಮುಗಿಸಿಕೊಳ್ಳುವಂತೆ ಮಾಡುತ್ತವೆ. ಇದರ ಜೊತೆಗೇ ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್‌ಎಫ್ ಎಂಬ ರಾಸಾಯನಿಕಗಳನ್ನು ಸುರಿಸಿ ಸುತ್ತಲಿನ, ರೋಗಾಣು ನುಂಗುವ ಮ್ಯಾಕ್ರೋಫೇಜ್‌ಗಳನ್ನು ಎಬ್ಬಿಸುತ್ತದೆ. ಕರುಳಿನ ಮಟ್ಟಿಗೆ ಕೊಲ್ಲುವ ಕೆಲಸಕ್ಕಿಂತ ಈ ಎರಡನೆಯ ಕೆಲಸವೇ ಹೆಚ್ಚು ಮುಖ್ಯ.

ಕರುಳಗೋಡೆಯಲ್ಲಿ

ಮನುಷ್ಯನ ಜೀರ್ಣನಾಳದ ಒಳಮೈಯನ್ನು ಬಿಡಿಸಿ ಹಾಸಿದರೆ ಸುಮಾರು 30 ಚದರ ಮೀಟರ್ ಆಗುತ್ತದೆ. ಅಷ್ಟೂ ಜಾಗವನ್ನು ಹೊರಗಿನ ಪ್ರಪಂಚದಿಂದ ಬೇರ್ಪಡಿಸುವುದು ಒಂದೇ ಒಂದು ಸಾಲು ಕೋಶಗಳು. ಸಣ್ಣಕರುಳಿನ ಒಂದು ವಿಲ್ಲಸ್ಸನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಬೆರಳಿನಾಕಾರದ ಸಣ್ಣ ಚಾಚು ಕಾಣುತ್ತದೆ. ಅದರ ಮೈತುಂಬ ಕಂಬದಂತೆ ನಿಂತ ಹೀರುಕೋಶಗಳು, ನಡುನಡುವೆ ಲೋಳೆ ಸುರಿಸುವ ಕೋಶಗಳು. ಬುಡದಲ್ಲಿ ಹುಟ್ಟಿದ ಕೋಶ ಮೇಲಕ್ಕೆ ಸರಿಯುತ್ತ ಹೋಗಿ ಮೂರರಿಂದ ಐದು ದಿನಗಳಲ್ಲಿ ತುದಿ ಮುಟ್ಟಿ ಉದುರುತ್ತದೆ. ಈ ಕೋಶಗಳ ಸಂದಿಯಲ್ಲೇ, ಐದರಿಂದ ಹತ್ತು ಹೀರುಕೋಶಗಳಿಗೆ ಒಂದರಂತೆ, ದುಂಡನೆಯ ಲಿಂಫೋಸೈಟ್‌ಗಳು ಸೇರಿಕೊಂಡಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಟಿ ಕೋಶಗಳು, ಕೆಲವು ಎನ್‌ಕೆ ಸ್ವಭಾವದವು. ಹೀರುಕೋಶಗಳ ಕೆಳಗಿನ ಸಡಿಲ ಪದರದಲ್ಲೂ ಎನ್‌ಕೆ ಕೋಶಗಳುಂಟು. ಅವುಗಳ ಸಂಖ್ಯೆ ದೊಡ್ಡದಲ್ಲ. ರಕ್ತದ ಎನ್‌ಕೆ ಕೋಶಗಳಿಗೆ ಹೋಲಿಸಿದರೆ ಕರುಳಿನವು ಕೊಲ್ಲುವುದರಲ್ಲಿ ಮಂದ, ಇಂಟರ್‌ಫೆರಾನ್ ಸುರಿಸುವುದರಲ್ಲಿ ಚುರುಕು. ಆಹಾರದ ಕಣಗಳೂ ಕೋಟಿಗಟ್ಟಲೆ ನಿರಪಾಯಕಾರಿ ಬ್ಯಾಕ್ಟೀರಿಯಾಗಳೂ ಹಗಲಿರುಳು ಎದುರಿಗೇ ಇರುವಾಗ ಮಾತುಮಾತಿಗೆ ಕೊಲ್ಲುವ ಕೋಶ ಅಲ್ಲಿ ಬಾಳಲಾರದು.

ಈ ಕೋಶಗಳನ್ನು ಬದುಕಿಸಿಡುವುದು ಹೀರುಕೋಶಗಳೇ ಸುರಿಸುವ ಐಎಲ್-15 ಎಂಬ ರಾಸಾಯನಿಕ. ಎಬ್ಬಿಸುವುದು ಮ್ಯಾಕ್ರೋಫೇಜ್ ಮೊದಲಾದ ಕೋಶಗಳಿಂದ ಬರುವ ಐಎಲ್-12 ಮತ್ತು ಐಎಲ್-18. ಬ್ಯಾಕ್ಟೀರಿಯಾಗಳಿಗೂ ಇದರಲ್ಲಿ ಪಾಲಿದೆ. ಸೂಕ್ಷ್ಮಜೀವಿಗಳ ಸೋಂಕೇ ಇಲ್ಲದಂತೆ ಸಾಕಿದ ಇಲಿಗಳಲ್ಲಿ ಎನ್‌ಕೆ ಕೋಶಗಳು ಇರುತ್ತವೆ, ಆದರೆ ಸಮಯ ಬಂದಾಗ ಎದ್ದು ನಿಲ್ಲುವುದಿಲ್ಲ ಎಂದು 2012ರಲ್ಲಿ ಜರ್ಮನಿಯ ವಿಜ್ಞಾನಿಗಳು ತೋರಿಸಿದರು. ಹೊಟ್ಟೆಯಲ್ಲಿನ ಬ್ಯಾಕ್ಟೀರಿಯಾ ಸಮುದಾಯ ಬಡವಾದರೆ ರೋಗನಿರೋಧಕ ಕೋಶಗಳ ತಯಾರಿಯೂ ಬಡವಾಗುತ್ತದೆ ಎನ್ನುವುದಕ್ಕೆ ಇದು ಗಟ್ಟಿ ಸಾಕ್ಷ್ಯ.

ಓದುವವರು ಒಂದು ಗೊಂದಲವನ್ನು ದಾಟಬೇಕಾಗುತ್ತದೆ. 2009ರ ಸುಮಾರಿಗೆ ಕರುಳಿನ ಎನ್‌ಕೆ ಕೋಶಗಳು ಐಎಲ್-22 ಸುರಿಸಿ ಗೋಡೆಯ ಗಾಯ ಮಾಯಿಸುತ್ತವೆ ಎಂಬ ವರದಿಗಳು ಬಂದವು. ಅವು ನಿಜವಾದ ಎನ್‌ಕೆ ಕೋಶಗಳಲ್ಲ, ಅದೇ ಗ್ರಾಹಕಗಳನ್ನು ಹೊತ್ತ ಇನ್ನೊಂದು ಜಾತಿ ಎಂದು ಬೇಗನೆ ತಿಳಿದುಬಂತು. 2013ರಲ್ಲಿ ಈ ಇಡೀ ಬಳಗವನ್ನು ಸಹಜ ಲಿಂಫಾಯ್ಡ್ ಕೋಶಗಳು ಎಂದು ಕರೆದು ಮೂರು ಗುಂಪು ಮಾಡಲಾಯಿತು. ಎನ್‌ಕೆ ಕೋಶಗಳೂ ಐಎಲ್‌ಸಿ-1 ಎಂಬವೂ ಮೊದಲ ಗುಂಪಿಗೆ ಬಂದವು. ಗಾಯ ಮಾಯಿಸುವ ಕೆಲಸದವು ಐಎಲ್‌ಸಿ-3 ಎಂಬ ಮೂರನೆಯ ಗುಂಪಿಗೆ ಹೋದವು. ಹಳೆಯ ಲೇಖನಗಳಲ್ಲಿ ಎನ್‌ಕೆ ಕೋಶಗಳಿಗೆ ಸಂದ ಹೊಗಳಿಕೆಯಲ್ಲಿ ಒಂದಷ್ಟು ಈ ಮೂರನೆಯ ಗುಂಪಿಗೆ ಸಲ್ಲಬೇಕಾದದ್ದು. ಆರೋಗ್ಯವಂತ ಕರುಳಿನಲ್ಲಿ ಇವೇ ಹೆಚ್ಚು.

ವಾಂತಿಭೇದಿಯ ಸೀಮೆಯಲ್ಲಿ

2009ರ ಕೊನೆಗೆ ಗುಲ್ಬರ್ಗಾದಿಂದ ಬೇರೆಯಾದ ಯಾದಗಿರಿ ಜಿಲ್ಲೆಯ ದಕ್ಷಿಣಕ್ಕೆ ಕೃಷ್ಣೆ ಹರಿಯುತ್ತಾಳೆ, ನಡುವೆ ಭೀಮೆ. ನಾರಾಯಣಪುರ ಅಣೆಕಟ್ಟೆಯ ಎಡದಂಡೆ ಕಾಲುವೆ ಸುರಪುರ, ಶಹಾಪುರ ತಾಲೂಕುಗಳ ಹೊಲಗಳಿಗೆ ನೀರುಣಿಸಿ ಬಿಳಿಜೋಳದ ನೆಲದಲ್ಲಿ ಭತ್ತ ಬೆಳೆಸಿದೆ. ಹೊಲಕ್ಕೆ ಬಂದಷ್ಟು ಸಲೀಸಾಗಿ ಒಳ್ಳೆಯ ನೀರು ಮನೆಯ ಕೊಡಕ್ಕೆ ಬಂದಿಲ್ಲ. ಹಲವು ಊರುಗಳಲ್ಲಿ ಕುಡಿಯುವ ನೀರಿನ ಪೈಪು ಗಟಾರದ ಮಗ್ಗುಲಲ್ಲೇ, ಕೆಲವೆಡೆ ಗಟಾರದೊಳಗೇ ಹಾದುಹೋಗುತ್ತದೆ. ನೀರು ಬಿಡುವುದು ದಿನಕ್ಕೆ ಕೆಲ ಹೊತ್ತು ಮಾತ್ರ. ಬಿಡದ ಹೊತ್ತಿನಲ್ಲಿ ಪೈಪು ಖಾಲಿ. ಬಿರುಕಿದ್ದಲ್ಲಿ ಹೊರಗಿನ ಕೊಳಚೆ ಒಳಕ್ಕೆ ಎಳೆಯಲ್ಪಡುತ್ತದೆ. ಮತ್ತೆ ನೀರು ಬಿಟ್ಟಾಗ ಮೊದಲ ಕೊಡ ತುಂಬುವುದು ಆ ಕೊಳಚೆಯೇ. 2023ರ ಫೆಬ್ರವರಿಯಲ್ಲಿ ಗುರುಮಠಕಲ್ ತಾಲೂಕಿನ ಅನಪುರದಲ್ಲಿ ಕಲುಷಿತ ನೀರು ಕುಡಿದು ಊರಿಗೆ ಊರೇ ವಾಂತಿಭೇದಿಗೆ ಸಿಕ್ಕಿತು, ಪ್ರಾಣಹಾನಿಯೂ ಆಯಿತು. ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಕಷ್ಟ ಬೇರೆ ತೆರನದು: ಮಂಗಳೂರು ಎಂಬ ಹಳೆಯ ಚಿನ್ನದ ಗಣಿಯ ಶಿಲಾಪಟ್ಟಿಯ ಮೇಲಿರುವ ಆ ತಾಂಡಾದ ಬೋರ್‌ವೆಲ್ ನೀರಿನಲ್ಲಿ ಆರ್ಸೆನಿಕ್ ಸಿಕ್ಕಿತು, ಜನರ ಚರ್ಮದಲ್ಲಿ ಅದರ ಗುರುತುಗಳು ಕಂಡವು. ಅಲ್ಲಿ ನೀರು ಕುದಿಸಿ ಪ್ರಯೋಜನವಿಲ್ಲ, ಮೂಲವನ್ನೇ ಬದಲಿಸಬೇಕು.

ರೋಗಾಣುಗಳಿರುವ ನೀರು ಕರುಳು ಹೊಕ್ಕಾಗ ಎನ್‌ಕೆ ಕೋಶಗಳ ಪಾತ್ರ ಎಲ್ಲ ರೋಗಗಳಲ್ಲೂ ಒಂದೇ ಅಲ್ಲ. ಕಾಲರಾ ಬ್ಯಾಕ್ಟೀರಿಯಾ ಕೋಶದೊಳಗೆ ಹೋಗುವುದಿಲ್ಲ. ಗೋಡೆಯ ಮೇಲೆ ಕೂತು ವಿಷ ಬಿಟ್ಟು ನೀರು ಬಸಿಯುತ್ತದೆ. ಅಲ್ಲಿ ಎನ್‌ಕೆ ಕೋಶಕ್ಕೆ ಹೆಚ್ಚು ಕೆಲಸವಿಲ್ಲ, ರೋಗಿಯನ್ನು ಉಳಿಸುವುದು ಓಆರ್‌ಎಸ್ ಮತ್ತು ಡ್ರಿಪ್. ಟೈಫಾಯ್ಡ್ ತರುವ ಸಾಲ್ಮೊನೆಲ್ಲಾ ಮ್ಯಾಕ್ರೋಫೇಜ್‌ನ ಒಳಗೇ ಅಡಗಿ ಬದುಕುತ್ತದೆ. ಅದನ್ನು ಕೊಲ್ಲಲು ಮ್ಯಾಕ್ರೋಫೇಜ್‌ಗೆ ಇಂಟರ್‌ಫೆರಾನ್ ಗಾಮಾದ ಪ್ರಚೋದನೆ ಬೇಕು. ಮೊದಲ ದಿನಗಳಲ್ಲಿ, ಟಿ ಕೋಶಗಳು ತಯಾರಾಗುವ ಮುನ್ನ, ಅದನ್ನು ಒದಗಿಸುವವರಲ್ಲಿ ಎನ್‌ಕೆ ಕೋಶಗಳೂ ಸೇರಿವೆ. ಐಎಲ್-12 ಮತ್ತು ಇಂಟರ್‌ಫೆರಾನ್ ಗಾಮಾದ ಸರಣಿಯಲ್ಲಿ ಹುಟ್ಟಿನಿಂದ ದೋಷವಿರುವ ಮಕ್ಕಳಿಗೆ ಸಾಲ್ಮೊನೆಲ್ಲಾ ಸೋಂಕು ಮೇಲಿಂದ ಮೇಲೆ ಮರುಕಳಿಸುವುದು, ಬಿಸಿಜಿ ಲಸಿಕೆಯ ಬ್ಯಾಕ್ಟೀರಿಯಾ ಕೂಡ ಮೈತುಂಬ ಹರಡುವುದು ಈ ಸರಣಿಯ ಬೆಲೆಯನ್ನು ತೋರಿಸುತ್ತದೆ.

ಕ್ರಿಪ್ಟೊಸ್ಪೊರಿಡಿಯಂ ಎಂಬ ಪರೋಪಜೀವಿಯ ವಿಷಯದಲ್ಲಿ ಎನ್‌ಕೆ ಕೋಶದ ಕೆಲಸ ಇನ್ನೂ ಸ್ಪಷ್ಟ. ಕೋಲ್ಕತ್ತವೂ ಸೇರಿದಂತೆ ಏಷ್ಯಾ, ಆಫ್ರಿಕಾದ ಹಲವು ಕೇಂದ್ರಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನದಲ್ಲಿ, ಹಸುಗೂಸುಗಳ ತೀವ್ರ ಭೇದಿಗೆ ರೋಟಾವೈರಸ್ ನಂತರದ ಸ್ಥಾನ ಈ ಜೀವಿಗೆ ಸಿಕ್ಕಿತು. ನೀರಿಗೆ ಹಾಕುವ ಕ್ಲೋರಿನ್ ಇದನ್ನು ಕೊಲ್ಲುವುದಿಲ್ಲ. ಬ್ಲೀಚಿಂಗ್ ಪೌಡರ್ ಸುರಿದ ಟ್ಯಾಂಕಿನ ನೀರಿನಲ್ಲೂ ಇದು ಉಳಿದೀತು. ಇದು ನೆಲೆಸುವುದು ಹೀರುಕೋಶದ ತುದಿಯಲ್ಲಿ. ಹಾಗೆ ನೆಲೆಸಿದಾಗ ಆ ಕೋಶ ಎಮ್‌ಐಸಿಎ ಸಂಕೇತ ತೋರಿಸುತ್ತದೆ, ಐಎಲ್-15ರಿಂದ ಎಚ್ಚೆತ್ತ ಎನ್‌ಕೆ ಕೋಶ ಎನ್‌ಕೆಜಿ2ಡಿ ಮೂಲಕ ಅದನ್ನು ಹಿಡಿದು ಕೊಲ್ಲುತ್ತದೆ. ಸತ್ತ ಕೋಶ ಉದುರಿ ಮಲದೊಂದಿಗೆ ಹೊರಹೋಗುತ್ತದೆ, ಅದರ ಜಾಗಕ್ಕೆ ಬುಡದಿಂದ ಹೊಸದು ಏರುತ್ತದೆ. ಕರುಳಿನ ಗೋಡೆ ಮೂರುನಾಲ್ಕು ದಿನಕ್ಕೊಮ್ಮೆ ಹೊಸದಾಗುವುದರಿಂದಲೇ ಈ ತಂತ್ರ ಅಲ್ಲಿ ದುಬಾರಿಯಾಗುವುದಿಲ್ಲ. ಹೊಸ ಕೋಶ ಕಟ್ಟಲು ಬೇಕಾದ ಪ್ರೋಟೀನು, ಸತು, ವಿಟಮಿನ್ ಎ ಮಗುವಿನ ಮೈಯಲ್ಲಿ ಇದ್ದರೆ ಮಾತ್ರ ಈ ಮಾತು ನಿಜ.

ರೋಟಾವೈರಸ್ ವಿರುದ್ಧ 6, 10 ಮತ್ತು 14ನೆಯ ವಾರದಲ್ಲಿ ಬಾಯಿಗೆ ಹಾಕುವ ಲಸಿಕೆಯನ್ನು ಭಾರತ 2016ರಲ್ಲಿ ನಾಲ್ಕು ರಾಜ್ಯಗಳಿಂದ ಆರಂಭಿಸಿತು. 2019ರ ಕೊನೆಯ ಹೊತ್ತಿಗೆ ಕರ್ನಾಟಕವೂ ಸೇರಿ ದೇಶವೆಲ್ಲ ಅದರ ವ್ಯಾಪ್ತಿಗೆ ಬಂತು. ಭಾರತದಲ್ಲೇ ರೂಪುಗೊಂಡ ರೋಟಾವ್ಯಾಕ್ ತೀವ್ರ ರೋಗವನ್ನು ಶೇ. 55ರ ಆಸುಪಾಸಿನಲ್ಲಿ ತಡೆಯಿತು. ಯುರೋಪಿನಲ್ಲಿ ಇದೇ ಬಗೆಯ ಲಸಿಕೆಗಳು ಶೇ. 90ಕ್ಕೂ ಮೇಲೆ ತಡೆದಿವೆ. ಬಡದೇಶಗಳಲ್ಲಿ ತಯಾರಾದ ಲಸಿಕೆಗೂ ಶ್ರೀಮಂತ ದೇಶಗಳಲ್ಲಿ ತಯಾರಾದ ಲಸಿಕೆಗೂ ಬಡದೇಶದ ಮಕ್ಕಳಲ್ಲಿ ಇದೇ ಹಿನ್ನಡೆ ಆಗಿರುವುದರಿಂದ ತಪ್ಪು ಲಸಿಕೆಯದಲ್ಲ. ಲಸಿಕೆ ಹೋಗಿ ಬೀಳುವ ಕರುಳು ಆಗಲೇ ದಣಿದಿರುತ್ತದೆ. ಕಬ್ಬು ಕಡಿಯಲು, ಕಟ್ಟಡ ಕೆಲಸಕ್ಕೆಂದು ಬೆಂಗಳೂರು, ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋಗುವ ಯಾದಗಿರಿಯ ಕುಟುಂಬಗಳ ಕೂಸುಗಳಿಗೆ ಮೂರು ಡೋಸೂ ಹೊತ್ತಿಗೆ ಸರಿಯಾಗಿ ಬೀಳುವುದು ಕಷ್ಟ ಎನ್ನುವುದು ಇದಕ್ಕೆ ಸೇರಿದ ಇನ್ನೊಂದು ತೊಡಕು.

ಹಸಿದ ಕರುಳು

ಐದನೆಯ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ಶೇ. 35.4ರಷ್ಟು ಮಂದಿ ವಯಸ್ಸಿಗೆ ತಕ್ಕ ಎತ್ತರ ಬೆಳೆದಿಲ್ಲ. ಯಾದಗಿರಿ ಜಿಲ್ಲೆಯಲ್ಲಿ ಅಂಥ ಮಕ್ಕಳು ಅರ್ಧಕ್ಕಿಂತ ಹೆಚ್ಚು. ನೀತಿ ಆಯೋಗ 2018ರಲ್ಲಿ ಹಿಂದುಳಿದ ಜಿಲ್ಲೆಗಳ ಪಟ್ಟಿ ಮಾಡಿದಾಗ ಕರ್ನಾಟಕದಿಂದ ಸೇರಿದ್ದು ರಾಯಚೂರು ಮತ್ತು ಯಾದಗಿರಿ ಎರಡೇ. ಈ ಅಂಕಿಯನ್ನು ಉಣ್ಣಲು ಸಿಗದ ಕಾರಣಕ್ಕೆ ಮಾತ್ರ ಹಚ್ಚಿದರೆ ಅರ್ಧ ಸತ್ಯವಾಗುತ್ತದೆ. ಉಂಡದ್ದು ಮೈಗೆ ಹತ್ತದಿರುವುದೂ ಇದರ ಒಳಗಿದೆ.

ಮಲದ ಕಲ್ಮಶ ಪ್ರತಿದಿನ ಬಾಯಿಗೆ ಹೋಗುವ ಕಡೆ ಬೆಳೆಯುವ ಮಕ್ಕಳ ಸಣ್ಣಕರುಳಿನಲ್ಲಿ ವಿಲ್ಲಸ್‌ಗಳು ಮೊಂಡಾಗುತ್ತವೆ, ಕೋಶಗಳ ನಡುವಿನ ಬೆಸುಗೆ ಸಡಿಲಾಗುತ್ತದೆ, ಲಿಂಫೋಸೈಟ್‌ಗಳು ಕಿಕ್ಕಿರಿಯುತ್ತವೆ. ಭೇದಿಯೇ ಇಲ್ಲದೆಯೂ ಇದು ಒಳಗೊಳಗೇ ನಡೆಯಬಲ್ಲದು. ವೈದ್ಯಶಾಸ್ತ್ರ ಇದನ್ನು ಪರಿಸರಜನ್ಯ ಕರುಳಬೇನೆ ಎಂದು ಗುರುತಿಸುತ್ತದೆ. ಸಡಿಲಾದ ಗೋಡೆಯಿಂದ ನುಸುಳಿದ ಬ್ಯಾಕ್ಟೀರಿಯಾ ತುಣುಕುಗಳು ಮ್ಯಾಕ್ರೋಫೇಜ್‌ಗಳನ್ನು ಕೆರಳಿಸುತ್ತವೆ. ಅವು ಸುರಿಸುವ ಐಎಲ್-12 ಎನ್‌ಕೆ ಮತ್ತು ಟಿ ಕೋಶಗಳನ್ನು ಎಬ್ಬಿಸುತ್ತದೆ. ಅವು ಸುರಿಸುವ ಇಂಟರ್‌ಫೆರಾನ್ ಗಾಮಾ ಮತ್ತು ಟಿಎನ್‌ಎಫ್ ಬೆಸುಗೆಯನ್ನು ಇನ್ನಷ್ಟು ಸಡಿಲಿಸುತ್ತವೆ. ರೋಗಾಣುವನ್ನು ಹೊಡೆಯಲು ಹುಟ್ಟಿದ ಪ್ರತಿಕ್ರಿಯೆ ನಿಲ್ಲದೆ ಮುಂದುವರಿದಾಗ ಗೋಡೆಗೇ ಮುಳುವಾಗುವುದು ಹೀಗೆ.

ಇದರ ಜೊತೆಗೆ ಅಪೌಷ್ಟಿಕತೆ ಎನ್‌ಕೆ ಕೋಶಗಳ ಕಸುವನ್ನೂ ಕುಗ್ಗಿಸುತ್ತದೆ. ತೀವ್ರ ಅಪೌಷ್ಟಿಕತೆಯ ಮಕ್ಕಳ ರಕ್ತದಲ್ಲಿ ಎನ್‌ಕೆ ಚಟುವಟಿಕೆ ಕಡಿಮೆಯಿರುವುದನ್ನು 1980ರ ದಶಕದಲ್ಲೇ ನೈಜೀರಿಯಾದಲ್ಲಿ ಅಳೆಯಲಾಗಿತ್ತು. ಸತುವಿನ ಕೊರತೆಯೂ ಇದೇ ಕೆಲಸ ಮಾಡುತ್ತದೆ. ಹೀಗೆ ಒಂದೇ ಮಗುವಿನಲ್ಲಿ ಕರುಳಿನ ಉರಿಯೂತ ಹೆಚ್ಚು, ಸೋಂಕನ್ನು ಹೊಡೆಯುವ ಶಕ್ತಿ ಕಡಿಮೆ ಎಂಬ ಎರಡೂ ಸ್ಥಿತಿ ಒಟ್ಟಿಗೆ ಬಂದುಬಿಡುತ್ತವೆ. ಭೇದಿಯಾದ ಮಗುವಿಗೆ ಓಆರ್‌ಎಸ್ ಜೊತೆ 14 ದಿನ ಸತುವಿನ ಮಾತ್ರೆ ಕೊಡುವುದು ಇದಕ್ಕೇ: ಆರು ತಿಂಗಳು ದಾಟಿದ ಮಗುವಿಗೆ ದಿನಕ್ಕೆ 20 ಮಿಲಿಗ್ರಾಂ, ಎರಡರಿಂದ ಆರು ತಿಂಗಳ ಕೂಸಿಗೆ 10. ಭೇದಿ ನಿಂತ ಕೂಡಲೇ ಮಾತ್ರೆ ನಿಲ್ಲಿಸುವುದು ಮನೆಗಳಲ್ಲಿ ರೂಢಿ. ಉಳಿದ ದಿನಗಳ ಮಾತ್ರೆಗಳೇ ಗೋಡೆಯನ್ನು ಮತ್ತೆ ಕಟ್ಟುವವು, ಮುಂದಿನ ಭೇದಿಯನ್ನು ತಡೆಯುವವು.

ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಡಿಮೆಯಿದ್ದರೆ ಅಂಗನವಾಡಿಯ ಅಳತೆಪಟ್ಟಿ ಕೆಂಪು ತೋರಿಸುತ್ತದೆ. ಅಂಥ ಮಗುವನ್ನು ಪೌಷ್ಟಿಕ ಪುನರ್ವಸತಿ ಕೇಂದ್ರಕ್ಕೆ ಸೇರಿಸಿದಾಗ ಮೊದಲ ದಿನವೇ ಹೊಟ್ಟೆತುಂಬ ಉಣಿಸುವುದಿಲ್ಲ. ಪ್ರೋಟೀನು ಕಡಿಮೆಯಿರುವ ಎಫ್-75 ಎಂಬ ಹಾಲನ್ನು ಸ್ವಲ್ಪ ಸ್ವಲ್ಪವೇ, ರಾತ್ರಿಯೂ ಬಿಡದೆ ಎರಡುಮೂರು ತಾಸಿಗೊಮ್ಮೆ ಕೊಡುತ್ತಾರೆ. ಜ್ವರ ಕಾಣಿಸದಿದ್ದರೂ ಆಂಟಿಬಯಾಟಿಕ್ ಶುರುಮಾಡುತ್ತಾರೆ, ಏಕೆಂದರೆ ಇಷ್ಟು ಸೊರಗಿದ ಮೈ ಸೋಂಕಿಗೆ ಜ್ವರದ ಪ್ರತಿಕ್ರಿಯೆಯನ್ನೇ ಕೊಡದೆ ಇರಬಹುದು. ಮಗು ಹಸಿವೆಂದು ಅತ್ತಾಗ, ಊತ ಇಳಿದಾಗ, ಎಫ್-100ಕ್ಕೆ ದಾಟುತ್ತಾರೆ. ಸುಮಾರು ಎರಡು ವಾರದ ಈ ವಾಸದಲ್ಲಿ ತಾಯಿ ಜೊತೆಗಿರಬೇಕು. ಕೂಲಿ ತಪ್ಪುತ್ತದೆ, ಮನೆಯಲ್ಲಿ ಉಳಿದ ಮಕ್ಕಳನ್ನು ನೋಡುವವರಿರುವುದಿಲ್ಲ. ಕೋರ್ಸ್ ಮುಗಿಯುವ ಮೊದಲೇ ಹೊರಟುಬಿಡುವ ತಾಯಂದಿರನ್ನು ದೂರುವ ಬದಲು ಕೂಲಿಯ ಪರಿಹಾರವನ್ನು ಹೊತ್ತಿಗೆ ಸರಿಯಾಗಿ ಕೊಡುವುದು ಆರೋಗ್ಯ ವ್ಯವಸ್ಥೆ ಮಾಡಬೇಕಾದ ಕೆಲಸ.

ನೀರು, ಶೌಚಾಲಯ, ಕೈತೊಳೆಯುವುದು ಇಷ್ಟನ್ನು ಒದಗಿಸಿದರೆ ಮಕ್ಕಳು ಎತ್ತರ ಬೆಳೆದಾರೇ ಎಂದು ಬಾಂಗ್ಲಾದೇಶ, ಕೀನ್ಯಾ, ಜಿಂಬಾಬ್ವೆಗಳಲ್ಲಿ ನಡೆದ ದೊಡ್ಡ ಪ್ರಯೋಗಗಳ ಫಲಿತಾಂಶ 2018–19ರಲ್ಲಿ ಬಂತು. ಬಾಂಗ್ಲಾದೇಶದಲ್ಲಿ ಭೇದಿ ಕಡಿಮೆಯಾಯಿತು, ಆದರೆ ಎತ್ತರ ಎಲ್ಲೂ ಹೆಚ್ಚಲಿಲ್ಲ. ಮನೆಗೊಂದು ಶೌಚಾಲಯ, ಕೈಗೊಂದು ಸಾಬೂನು ಕೊಟ್ಟ ಮಾತ್ರಕ್ಕೆ ಇಡೀ ಊರಿನ ನೆಲ, ನೀರು, ಅಂಗಳದ ಕೋಳಿ-ಕುರಿಗಳ ಹಿಕ್ಕೆ ಶುದ್ಧವಾಗುವುದಿಲ್ಲ ಎಂಬುದು ಇದರಿಂದ ಹೊರಡುವ ಅರ್ಥ. ಅರೆಬರೆ ನೈರ್ಮಲ್ಯ ಕರುಳಿಗೆ ಸಾಲದು. ಊಟದ ಪರಿಣಾಮ ಹೆಚ್ಚು ಬೇಗ ಕಾಣುತ್ತದೆ. 2021ರ ಡಿಸೆಂಬರಿನಲ್ಲಿ ಯಾದಗಿರಿ ಸೇರಿದಂತೆ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ ಕೊಡಲು ಸರ್ಕಾರ ಆರಂಭಿಸಿದಾಗ ವಿರೋಧ ಜೋರಾಗಿತ್ತು. ಯಾದಗಿರಿಯ ಮಕ್ಕಳನ್ನು ಮೊಟ್ಟೆಯಿಲ್ಲದ ಗದಗ ಜಿಲ್ಲೆಯ ಮಕ್ಕಳೊಡನೆ ಹೋಲಿಸಿದ ಅಧ್ಯಯನದಲ್ಲಿ ಯಾದಗಿರಿಯ ಮಕ್ಕಳ ತೂಕ ಹೆಚ್ಚು ಏರಿದ್ದು ಕಂಡಿತು. ಆಮೇಲೆ ಯೋಜನೆ ರಾಜ್ಯಕ್ಕೆಲ್ಲ ಹರಡಿತು.

ಜೋಳ, ಗೋಧಿ, ಸಿಲಿಯಾಕ್

ಕರುಳಿನ ಲಿಂಫೋಸೈಟ್‌ಗಳು ಎನ್‌ಕೆ ಕೋಶಗಳ ಆಯುಧ ತೊಟ್ಟು ತಮ್ಮ ಗೋಡೆಯನ್ನೇ ಹೊಡೆಯುವುದಕ್ಕೆ ಅತ್ಯಂತ ಸ್ಪಷ್ಟ ಉದಾಹರಣೆ ಸಿಲಿಯಾಕ್ ರೋಗ. ಗೋಧಿ, ಬಾರ್ಲಿ, ರೈಗಳಲ್ಲಿರುವ ಗ್ಲೂಟೆನ್ ಇದಕ್ಕೆ ಕಾರಣ. ಎಚ್‌ಎಲ್‌ಎ ಡಿಕ್ಯೂ2 ಅಥವಾ ಡಿಕ್ಯೂ8 ಜೀನ್ ಇರುವವರಿಗೆ ಮಾತ್ರ ಇದು ಬರುತ್ತದೆ. ಗ್ಲೂಟೆನ್‌ಗೆ ಕೆರಳಿದ ಕರುಳಿನಲ್ಲಿ ಹೀರುಕೋಶಗಳು ಎಮ್‌ಐಸಿಎ ತೋರಿಸತೊಡಗುತ್ತವೆ, ಐಎಲ್-15 ಹೆಚ್ಚುತ್ತದೆ. ಅದರ ಪ್ರಭಾವದಲ್ಲಿ, ಗೋಡೆಯ ಸಂದಿಯಲ್ಲಿರುವ ಟಿ ಕೋಶಗಳು ಎನ್‌ಕೆಜಿ2ಡಿ ಮೊದಲಾದ ಎನ್‌ಕೆ ಗ್ರಾಹಕಗಳನ್ನು ಪಡೆದುಕೊಂಡು ಎದುರಿಗಿರುವ ಹೀರುಕೋಶವನ್ನು ಕೊಲ್ಲುತ್ತವೆ. 2004ರಲ್ಲಿ ಇದನ್ನು ತೋರಿಸಿದ ಸಂಶೋಧನೆಗಳು ಈ ರೋಗದ ತಿಳಿವಳಿಕೆಯನ್ನೇ ಬದಲಿಸಿದವು. ಕ್ರಿಪ್ಟೊಸ್ಪೊರಿಡಿಯಂ ಹೊಕ್ಕ ಕೋಶವನ್ನು ತೆಗೆದುಹಾಕುವ ಅದೇ ಯಂತ್ರ ಇಲ್ಲಿ ನಿಲ್ಲದೆ ಓಡಿ ವಿಲ್ಲಸ್‌ಗಳನ್ನು ನೆಲಸಮ ಮಾಡುತ್ತದೆ.

ಭಾರತದ ಮೂರು ಪ್ರದೇಶಗಳ ವಯಸ್ಕರಲ್ಲಿ ನಡೆದು 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸಿಲಿಯಾಕ್ ಪ್ರಮಾಣ ಉತ್ತರದಲ್ಲಿ ಶೇ. 1.23, ಈಶಾನ್ಯದಲ್ಲಿ 0.87, ದಕ್ಷಿಣದಲ್ಲಿ 0.10 ಇತ್ತು. ಜೀನ್‌ಗಳ ವ್ಯತ್ಯಾಸಕ್ಕಿಂತ ಗೋಧಿ ತಿನ್ನುವ ಪ್ರಮಾಣದ ವ್ಯತ್ಯಾಸವೇ ಇದಕ್ಕೆ ಹೆಚ್ಚು ಹೊಂದುತ್ತದೆ. ಯಾದಗಿರಿ ಸೀಮೆಯ ಮೂಲ ಊಟ ಬಿಳಿಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ತೊಗರಿ ಬೇಳೆ. ಜೋಳದಲ್ಲಿ ಗ್ಲೂಟೆನ್ ಇಲ್ಲ. ನೂರು ಗ್ರಾಂ ಜೋಳದಲ್ಲಿ ನಾರು ಸುಮಾರು 10 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಮೂರಕ್ಕೂ ಕಡಿಮೆ. ದೊಡ್ಡಕರುಳಿನ ಬ್ಯಾಕ್ಟೀರಿಯಾಗಳು ಈ ನಾರನ್ನು ಹುದುಗಿಸಿ ಬ್ಯುಟಿರೇಟ್ ಎಂಬ ಕೊಬ್ಬಿನಾಮ್ಲ ತಯಾರಿಸುತ್ತವೆ. ಅದು ಹೀರುಕೋಶಗಳಿಗೆ ಇಂಧನ, ಉರಿಯೂತಕ್ಕೆ ಕಡಿವಾಣ. ಕಾಲುವೆಯ ಭತ್ತ, ಪಡಿತರದ ಅಕ್ಕಿ, ಅಂಗಡಿಯ ಬ್ರೆಡ್ಡು ಬಿಸ್ಕೀಟುಗಳು ಬಂದ ಮೇಲೆ ಗಂಗಾಳದಲ್ಲಿ ಜೋಳದ ಪಾಲು ಇಳಿದಿದೆ. ಹಸಿವು ನೀಗಿಸಿದ ಅಕ್ಕಿಯನ್ನು ಹಳಿಯುವುದು ನ್ಯಾಯವಲ್ಲ. ಪಡಿತರದಲ್ಲಿ ಜೋಳಕ್ಕೂ ಒಳ್ಳೆಯ ಪಾಲು ಸಿಕ್ಕರೆ ಹೊಟ್ಟೆಗೂ ಹೊಲಕ್ಕೂ ಅನುಕೂಲ.

ಕ್ಷಯವೋ, ಕ್ರೋನ್ಸೋ

ಬಲಗಡೆ ಕಿಬ್ಬೊಟ್ಟೆಯ ನೋವು, ಸಂಜೆ ಜ್ವರ, ತೂಕ ಇಳಿತ, ಆಗಾಗ ಭೇದಿ ಎಂದು ಬರುವ ರೋಗಿಗೆ ಕರುಳಿನ ಕ್ಷಯವೂ ಇರಬಹುದು, ಕರುಳಿನ ದೀರ್ಘಕಾಲದ ಉರಿಯೂತವಾದ ಕ್ರೋನ್ಸ್ ರೋಗವೂ ಇರಬಹುದು. ಎರಡೂ ಸಣ್ಣಕರುಳು ದೊಡ್ಡಕರುಳನ್ನು ಸೇರುವ ಜಾಗವನ್ನೇ ಹಿಡಿಯುತ್ತವೆ, ಎರಡರಲ್ಲೂ ಹುಣ್ಣು, ಗ್ರಾನ್ಯುಲೋಮ ಎಂಬ ಕೋಶಗಳ ಗಂಟು ಕಾಣುತ್ತವೆ. ಭಾರತದ ಜಠರ-ಕರುಳು ತಜ್ಞರಿಗೆ ಇದಕ್ಕಿಂತ ಕಷ್ಟದ ನಿರ್ಣಯ ವಿರಳ. ಕ್ಷಯದಲ್ಲಿ ಎನ್‌ಕೆ ಕೋಶಗಳು ಮಿತ್ರರು: ಗ್ರಾನ್ಯುಲೈಸಿನ್ ಎಂಬ ಪ್ರೋಟೀನಿನಿಂದ ಕೋಶದೊಳಗಿನ ಬ್ಯಾಕ್ಟೀರಿಯಾವನ್ನೇ ಹೊಡೆಯುತ್ತವೆ, ಇಂಟರ್‌ಫೆರಾನ್ ಗಾಮಾ ಸುರಿಸಿ ಮ್ಯಾಕ್ರೋಫೇಜ್‌ಗೆ ಬಲ ಕೊಡುತ್ತವೆ. ಕ್ರೋನ್ಸ್‌ನಲ್ಲಿ ಅದೇ ಇಂಟರ್‌ಫೆರಾನ್ ಗಾಮಾ ಹಾನಿಯ ಮೂಲ. ಕ್ರೋನ್ಸ್ ರೋಗಿಗಳ ಉರಿಯೂತದ ಕರುಳಿನಲ್ಲಿ ಐಎಲ್‌ಸಿ-1 ಕೋಶಗಳು ಹೆಚ್ಚಾಗಿ ಐಎಲ್‌ಸಿ-3 ಕಡಿಮೆಯಾಗಿರುವುದು 2013ರಲ್ಲಿ ಕಂಡಿತು: ಗಾಯ ಮಾಯಿಸುವವು ಹಿಂದೆ ಸರಿದು ಕೆರಳಿಸುವವು ಮುಂದೆ ಬಂದ ಚಿತ್ರ.

ಹಾಗೆಂದು ಎನ್‌ಕೆ ಕೋಶಗಳನ್ನು ಖಳರೆಂದು ತೀರ್ಮಾನಿಸಲಾಗದು. ಇಲಿಗಳಲ್ಲಿ ಎನ್‌ಕೆ ಕೋಶಗಳನ್ನು ತೆಗೆದುಹಾಕಿದಾಗ ಕೊಲೈಟಿಸ್, ಅಂದರೆ ದೊಡ್ಡಕರುಳಿನ ಉರಿಯೂತ, ಹೆಚ್ಚು ತೀವ್ರವಾದದ್ದಿದೆ, ಏಕೆಂದರೆ ಅವು ನ್ಯೂಟ್ರೊಫಿಲ್ ಎಂಬ ಬಿಳಿಕಣಗಳ ಆರ್ಭಟವನ್ನು ಅಡಗಿಸುತ್ತಿದ್ದವು. ಚಿಕಿತ್ಸೆಯ ಮಾತು ಬಂದಾಗ ಈ ಎರಡು ಮುಖ ನೆನಪಿರಬೇಕು. ಕ್ರೋನ್ಸ್‌ಗೆ ಕೊಡುವ ಅಜಾಥಯೋಪ್ರಿನ್ ಎನ್‌ಕೆ ಕೋಶಗಳ ಸಂಖ್ಯೆಯನ್ನು ಇಳಿಸುತ್ತದೆ, ವೈರಸ್ ಸೋಂಕಿನ ಅಪಾಯ ಏರುತ್ತದೆ. ಟಿಎನ್‌ಎಫ್ ತಡೆಯುವ ಇಂಜೆಕ್ಷನ್ನುಗಳು ಅಡಗಿ ಕೂತ ಕ್ಷಯವನ್ನು ಎಬ್ಬಿಸಬಲ್ಲವು. ಕ್ಷಯ ಹೆಚ್ಚಿರುವ ಕಲ್ಯಾಣ ಕರ್ನಾಟಕದಲ್ಲಿ ಎದೆಯ ಎಕ್ಸ್‌ರೇ ಮತ್ತು ಕ್ಷಯದ ಪರೀಕ್ಷೆ ಇಲ್ಲದೆ ಇಂಥ ಔಷಧಿ ಶುರುಮಾಡುವುದು ಅಪಾಯಕಾರಿ. ಉರಿಯೂತದ ಕರುಳ ರೋಗಗಳು ಭಾರತದಲ್ಲಿ ಅಪರೂಪ ಎಂಬ ನಂಬಿಕೆಯೂ ಹಳತಾಯಿತು. 2003ರಲ್ಲೇ ಪಂಜಾಬಿನಲ್ಲಿ ಲಕ್ಷಕ್ಕೆ 44 ಮಂದಿಯಲ್ಲಿ ಅಲ್ಸರೇಟಿವ್ ಕೊಲೈಟಿಸ್ ಸಿಕ್ಕಿತ್ತು.

ಕ್ಯಾನ್ಸರ್ ಮತ್ತು ಚಿಕಿತ್ಸೆ

ದೊಡ್ಡಕರುಳಿನ ಕ್ಯಾನ್ಸರಿನಲ್ಲಿ ಗೆಡ್ಡೆಯೊಳಗೆ ಎನ್‌ಕೆ ಕೋಶಗಳು ಹೆಚ್ಚು ಹೊಕ್ಕಿದ್ದರೆ ರೋಗಿ ಹೆಚ್ಚು ಕಾಲ ಬದುಕುವುದನ್ನು 1990ರ ದಶಕದಿಂದಲೇ ಗಮನಿಸಲಾಗಿದೆ. ಬಹುತೇಕ ಗೆಡ್ಡೆಗಳಲ್ಲಿ ಅವು ತೀರ ಕಡಿಮೆ. ಗೆಡ್ಡೆ ಸುರಿಸುವ ಟಿಜಿಎಫ್-ಬೀಟಾ ಅವುಗಳನ್ನು ಮಂಕಾಗಿಸುತ್ತದೆ. ಬಾಯಿಯ ವಸಡಿನಲ್ಲಿ ವಾಸಿಸುವ ಫ್ಯುಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಕರುಳಿನ ಗೆಡ್ಡೆಯಲ್ಲೂ ನೆಲೆಸಿ, ತನ್ನ ಫ್ಯಾಪ್2 ಎಂಬ ಪ್ರೋಟೀನಿನಿಂದ ಎನ್‌ಕೆ ಕೋಶದ ಟಿಜಿಟ್ ಎಂಬ ತಡೆಗ್ರಾಹಕವನ್ನು ಒತ್ತಿ ಹಿಡಿಯುತ್ತದೆ ಎಂದು 2015ರಲ್ಲಿ ಇಸ್ರೇಲಿನ ವಿಜ್ಞಾನಿಗಳು ತೋರಿಸಿದರು. ಈ ಕ್ಯಾನ್ಸರಿಗೆ ಬಳಸುವ ಸೆಟುಕ್ಸಿಮ್ಯಾಬ್ ಔಷಧಿಯ ಕೆಲಸದಲ್ಲಿ ಒಂದು ಭಾಗ ಎನ್‌ಕೆ ಕೋಶಗಳ ಮೂಲಕವೇ ನಡೆಯುತ್ತದೆ: ಔಷಧಿ ಗೆಡ್ಡೆಯ ಕೋಶಕ್ಕೆ ಅಂಟುತ್ತದೆ, ಅದರ ಬಾಲವನ್ನು ಎನ್‌ಕೆ ಕೋಶ ಹಿಡಿಯುತ್ತದೆ. ಮಲದಲ್ಲಿ ರಕ್ತ ಕಂಡರೆ ಮೂಲವ್ಯಾಧಿಯೆಂದು ನಾಟಿ ಔಷಧಿಯಲ್ಲೇ ತಿಂಗಳುಗಟ್ಟಲೆ ಕಳೆಯುವುದು ಈ ಭಾಗದಲ್ಲಿ ಸಾಮಾನ್ಯ. ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯ ಶಾಖೆ ಕಲಬುರಗಿಯಲ್ಲೇ ಇರುವುದರಿಂದ ಕ್ಯಾನ್ಸರಿನ ತಪಾಸಣೆಗೆ ಬೆಂಗಳೂರಿಗೇ ಹೋಗಬೇಕಾಗಿಲ್ಲ.

ಎನ್‌ಕೆ ಕೋಶಗಳನ್ನೇ ಔಷಧಿಯಾಗಿ ಕೊಡುವ ಪ್ರಯತ್ನ ನಡೆದಿದೆ. ಅಮೆರಿಕದ ಎಂ.ಡಿ. ಆಂಡರ್ಸನ್ ಆಸ್ಪತ್ರೆಯಲ್ಲಿ ಹೊಕ್ಕುಳಬಳ್ಳಿಯ ರಕ್ತದ ಎನ್‌ಕೆ ಕೋಶಗಳಿಗೆ ಹೊಸ ಗ್ರಾಹಕ ಜೋಡಿಸಿ ರಕ್ತ ಮತ್ತು ದುಗ್ಧಗ್ರಂಥಿಗಳ ಕ್ಯಾನ್ಸರಿನ 11 ರೋಗಿಗಳಿಗೆ ಕೊಟ್ಟಾಗ 8 ಮಂದಿಯಲ್ಲಿ ಫಲ ಕಂಡದ್ದು 2020ರಲ್ಲಿ ವರದಿಯಾಯಿತು. ಕರುಳಿನಂಥ ಗಟ್ಟಿ ಗೆಡ್ಡೆಗಳಿಗೆ ಈ ವಿಧಾನ ಇನ್ನೂ ಪ್ರಯೋಗದ ಹಂತದಲ್ಲಿದೆ. ಎನ್‌ಕೆ ಕೋಶ ಹೆಚ್ಚಿಸುವುದಾಗಿ ಹೇಳಿಕೊಂಡು ಮಾರುವ ಪುಡಿ, ಸಿರಪ್ಪುಗಳ ಮಾತು ಬೇರೆ. ಕೆಲವು ಲ್ಯಾಕ್ಟೊಬ್ಯಾಸಿಲಸ್ ತಳಿಗಳು ರಕ್ತದ ಎನ್‌ಕೆ ಚಟುವಟಿಕೆಯನ್ನು ಸ್ವಲ್ಪ ಏರಿಸಿದ್ದನ್ನು ಸಣ್ಣ ಪ್ರಯೋಗಗಳು ತೋರಿಸಿವೆ. ಅದರಿಂದ ಕರುಳಿನ ರೋಗ ಕಡಿಮೆಯಾಯಿತೆಂಬ ಸಾಕ್ಷ್ಯ ಇಲ್ಲ. ಕ್ರೋನ್ಸ್ ಅಥವಾ ಸಿಲಿಯಾಕ್ ಇರುವವರಲ್ಲಿ ಈ ಕೋಶಗಳನ್ನು ಇನ್ನಷ್ಟು ಕೆರಳಿಸುವುದು ಬಯಸಬೇಕಾದ ಫಲವೂ ಅಲ್ಲ.

ರಕ್ತದಲ್ಲಿ ಎನ್‌ಕೆ ಕೋಶಗಳನ್ನು ಎಣಿಸುವ ಪರೀಕ್ಷೆ ಫ್ಲೋ ಸೈಟೋಮೆಟ್ರಿ ಯಂತ್ರವಿರುವ ದೊಡ್ಡ ಪ್ರಯೋಗಾಲಯಗಳಲ್ಲಿ ಆಗುತ್ತದೆ. ಆ ಎಣಿಕೆ ಕರುಳಿನೊಳಗಿನ ಸ್ಥಿತಿಯನ್ನು ಹೇಳುವುದಿಲ್ಲ. ಕರುಳಿನದನ್ನು ತಿಳಿಯಲು ಎಂಡೋಸ್ಕೋಪಿಯಲ್ಲಿ ತೆಗೆದ ತುಣುಕೇ ಬೇಕು. ಭೇದಿಯಾದ ಮಗುವಿಗೆ, ಬಾರಿಬಾರಿ ಹೊಟ್ಟೆ ಕೆಡುವ ದೊಡ್ಡವರಿಗೆ ಈ ಎಣಿಕೆಯಿಂದ ಉಪಯೋಗವಿಲ್ಲ. ಮಗುವಿಗೆ ಸರ್ಪಸುತ್ತು, ಚಿಕನ್‌ಪಾಕ್ಸ್‌ನಂಥ ಹರ್ಪಿಸ್ ಜಾತಿಯ ಸೋಂಕುಗಳು ತೀವ್ರವಾಗಿ ಮರುಕಳಿಸುತ್ತಿದ್ದರೆ, ಬಿಸಿಜಿ ಹಾಕಿದ ನಂತರ ಗಂಟುಗಳು ಮೈಯೆಲ್ಲ ಹರಡಿದರೆ, ಔಷಧಿ ಪೂರ್ತಿ ಕೊಟ್ಟರೂ ಸಾಲ್ಮೊನೆಲ್ಲಾ ಮತ್ತೆ ಮತ್ತೆ ಬಂದರೆ, ಅಥವಾ ಒಡಹುಟ್ಟಿದವರು ಹಾಗೆ ತೀರಿಕೊಂಡಿದ್ದರೆ, ಆಗ ಎನ್‌ಕೆ ಕೋಶಗಳನ್ನೂ ಇಂಟರ್‌ಫೆರಾನ್ ಸರಣಿಯನ್ನೂ ಪರೀಕ್ಷಿಸಬೇಕು. ಅಂಥ ಮಗುವನ್ನು ಯಾದಗಿರಿ ಅಥವಾ ಕಲಬುರಗಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯ ಮಕ್ಕಳ ವಿಭಾಗದ ಮೂಲಕ ರೋಗನಿರೋಧಕ ದೋಷಗಳ ಪರೀಕ್ಷೆ ಮಾಡುವ ದೊಡ್ಡ ಕೇಂದ್ರಕ್ಕೆ ಕಳಿಸಲಾಗುತ್ತದೆ.